ಕಂಡ ಜೀವಗಳ ಖಾತೆ

ದೀಪಾವಳಿಯ ಅಮಾವಾಸ್ಯೆಯ ಪ್ರಾತಃಕಾಲದಲ್ಲಿ ಭಗವಾನ್ ಮಹಾವೀರರ ನಿರ್ವಾಣ ಪೂಜೆ ನೆರವೇರಿ, ಮರುದಿನದಿಂದ ವೀರನಿರ್ವಾಣ ಸಂವತ್ಸರದ ಹೊಸ ವರ್ಷ ತೊಡಗುತ್ತದೆ. ಸರಕಾರದ ಲೆಕ್ಕಕ್ಕೆ ವರ್ಷವು ಏಪ್ರಿಲ್ ಒಂದರಿಂದ ಆರಂಭವಾಗುವುದಾದರೂ, ಹಳೆಯ ಪದ್ಧತಿಯನ್ನು ಬಿಡದ ವರ್ತಕರು ಹೊಸ ಖಾತೆಪುಸ್ತಕದ ಮೊದಲ ಪುಟಕ್ಕೆ ಕುಂಕುಮವಿಡುವುದು ಈ ದಿನಗಳಲ್ಲಿಯೇ. ಕೋಟದ ಪೇಟೆಯಲ್ಲಿ ಅಕ್ಕಿ, ಬೆಲ್ಲಗಳ ವ್ಯಾಪಾರ ನಡೆಸುವ ಹಿರಿಯ ಶ್ರಾವಕರೊಬ್ಬರ ಅಂಗಡಿಯಲ್ಲಿ ಅಂದು ಒಂದಲ್ಲ, ಎರಡು ಪುಸ್ತಕಗಳು ತೆರೆಯುತ್ತವೆ. ಒಂದು ವ್ಯಾಪಾರದ್ದು. ಇನ್ನೊಂದರಲ್ಲಿ ರೂಪಾಯಿಯ ಪ್ರಸ್ತಾಪವೇ ಇಲ್ಲ. ಆ ವರ್ಷ ಅವರ ಕಣ್ಣಿಗೆ ಬಿದ್ದ ವನ್ಯಜೀವಿಗಳ ಹೆಸರು, ಕಂಡ ತಿಥಿ, ಕಂಡ ಸ್ಥಳ, ಇಷ್ಟೇ. ಒಂದು ಜಾತಿಗೆ ವರ್ಷಕ್ಕೊಂದೇ ಸಾಲು. ನೂರು ಸಲ ಕಂಡರೂ ಕಾಗೆಗೆ ಒಂದೇ ಅಂಕೆ, ಒಂದೇ ಸಲ ಕಂಡರೂ ಹೆಬ್ಬಾವಿಗೆ ಒಂದು ಅಂಕೆ.

ಈ ಹವ್ಯಾಸಕ್ಕೆ ಮೂಲ ಅರಣ್ಯವಲ್ಲ, ಗ್ರಂಥ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದ ಜೀವಕಾಂಡವನ್ನು ಸ್ವಾಧ್ಯಾಯಕ್ಕೆಂದು ಹಿಡಿದಾಗ ಅವರಿಗೆ ಒಂದು ಸಂಗತಿ ಮನಸ್ಸನ್ನು ಕೊರೆಯತೊಡಗಿತು. ಜೀವಗಳನ್ನು ಇಂದ್ರಿಯಗಳ ಕ್ರಮದಿಂದ ಅಷ್ಟು ಸೂಕ್ಷ್ಮವಾಗಿ ವಿಂಗಡಿಸಿದ ಪರಂಪರೆಗೆ ಸೇರಿದವರು, ತಮ್ಮ ಹಿತ್ತಿಲಿನಲ್ಲಿ ಕೂಗುವ ಹಕ್ಕಿಯ ಹೆಸರನ್ನು ಅರಿಯರು. ಯಾವ ಜೀವಕ್ಕೆ ಅಭಯ ಕೊಡಬೇಕೋ ಅದರ ಗುರುತೇ ಇಲ್ಲದಿದ್ದರೆ ಅಭಯವು ಬಾಯಿಮಾತಾಗುವುದಿಲ್ಲವೆ? ಹೀಗೆ ಆರಂಭವಾದ ಪುಸ್ತಕಕ್ಕೆ ಅವರು ಶಾಸ್ತ್ರದ ವಿಭಾಗವನ್ನೇ ಬಳಸಿದರು: ಜಲಚರ, ಸ್ಥಲಚರ, ನಭಚರ. ಪಂಚೇಂದ್ರಿಯ ತಿರ್ಯಂಚಗಳಿಗೆ ಮಾತ್ರ ಪ್ರವೇಶ. ಇರುವೆ, ಚಿಟ್ಟೆ, ಶಂಖಗಳನ್ನು ಬಿಟ್ಟದ್ದು ಅವು ಕೀಳೆಂದಲ್ಲ, ತಮ್ಮ ಆಯುಷ್ಯವು ಅದಕ್ಕೆ ಸಾಲದೆಂದು.

ಜೈನರಿಗೆ ಈ ಆಸಕ್ತಿ ಹೊಸದೇನೂ ಅಲ್ಲ. 13ನೆಯ ಶತಮಾನದ ಜೈನ ವಿದ್ವಾಂಸನಾದ ಹಂಸದೇವನು ಸಂಸ್ಕೃತದಲ್ಲಿ ‘ಮೃಗಪಕ್ಷಿಶಾಸ್ತ್ರ’ವನ್ನು ರಚಿಸಿದ್ದಾನೆ. ಅದರ ಇಂಗ್ಲಿಷ್ ಅನುವಾದವು 1927ರಲ್ಲಿ ಪ್ರಕಟವಾಯಿತು. ಬೇಟೆಗೆಂದು ಹೊರಟ ಶೌದದೇವನೆಂಬ ಅರಸನು ಕಾಡಿನ ಮೃಗಪಕ್ಷಿಗಳ ಸೊಬಗಿಗೆ ಮರುಳಾಗಿ ಬೇಟೆಯನ್ನೇ ಮರೆತು, ಅವುಗಳ ಕುರಿತು ಗ್ರಂಥವೊಂದನ್ನು ಬರೆಯಿಸಿದನೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಕೊಲ್ಲುವ ಕಣ್ಣು ನೋಡುವ ಕಣ್ಣಾದ ಇಂಥದೇ ಸಂಗತಿ ಬಹು ದೂರದ ಅಮೆರಿಕದಲ್ಲಿಯೂ ನಡೆದಿದೆ. ಅಲ್ಲಿ ಕ್ರಿಸ್‌ಮಸ್ ದಿನ ಎರಡು ತಂಡಗಳಾಗಿ ಹೋಗಿ, ಯಾರು ಹೆಚ್ಚು ಪ್ರಾಣಿಪಕ್ಷಿಗಳನ್ನು ಕೊಂದರು ಎಂದು ಸ್ಪರ್ಧಿಸುವ ಕ್ರೂರ ವಿನೋದವಿತ್ತು. 1900ರ ಡಿಸೆಂಬರ್ 25ರಂದು ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞರ ಸಲಹೆಯಂತೆ 27 ಮಂದಿ ಬಂದೂಕವನ್ನು ಬದಿಗಿಟ್ಟು ಹಕ್ಕಿಗಳನ್ನು ಎಣಿಸಿದರು. ಆ ಎಣಿಕೆ ಇಂದಿಗೂ ವರ್ಷ ವರ್ಷವೂ ನಡೆದು ಬಂದಿದೆ. ಅಹಿಂಸೆಯ ಹೆಸರನ್ನೇ ಎತ್ತದೆ ನಡೆದ ಅಹಿಂಸೆಯ ಕಾರ್ಯವಿದು.

ಆದರೆ ಎಣಿಕೆಯೊಳಗೂ ಬೇಟೆಯ ಚಪಲ ಅಡಗಿ ಕುಳಿತಿರಬಲ್ಲುದು. 2015ರಲ್ಲಿ ಅಮೆರಿಕದ ನೋವಾ ಸ್ಟ್ರೈಕರ್ ಎಂಬ ತರುಣನು ಭೂಮಂಡಲವನ್ನೆಲ್ಲ ಸುತ್ತಿ ಒಂದೇ ವರ್ಷದಲ್ಲಿ 6,042 ಜಾತಿಯ ಹಕ್ಕಿಗಳನ್ನು ಕಂಡನು. ಮರುವರ್ಷವೇ ಇನ್ನೊಬ್ಬನು ಅದನ್ನು ಮೀರಿದನು. ಅವರ ಶ್ರಮವನ್ನು ಹಳಿಯಬೇಕಾಗಿಲ್ಲ. ಆದರೂ ಪೆಟ್ಟಿಗೆ ತುಂಬುವುದೊಂದೇ ಪರಿಗ್ರಹವಲ್ಲ, ಪಟ್ಟಿ ತುಂಬುವುದೂ ಪರಿಗ್ರಹವಾಗಬಹುದೆಂದು ಕೋಟದ ವರ್ತಕರಿಗೆ ತೋರಿತು. ಆದುದರಿಂದ ಅವರು ತಮ್ಮ ಪುಸ್ತಕಕ್ಕೆ ದಿಗ್ವ್ರತವನ್ನು ವಿಧಿಸಿಕೊಂಡರು. ಉತ್ತರಕ್ಕೆ ಕುಂದಾಪುರದ ಕೋಡಿ, ದಕ್ಷಿಣಕ್ಕೆ ಸೀತಾನದಿಯ ಅಳಿವೆ, ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹಾಲಾಡಿ. ಘಟ್ಟ ಏರುವಂತಿಲ್ಲ. 1974ರಲ್ಲಿ, ಅಂದರೆ ಭಗವಾನರ 2500ನೆಯ ನಿರ್ವಾಣೋತ್ಸವದ ವರ್ಷದಲ್ಲಿಯೇ, ಮೂಕಾಂಬಿಕಾ ಮತ್ತು ಸೋಮೇಶ್ವರ ವನ್ಯಧಾಮಗಳು ಘೋಷಿತವಾದುವು. ಕೊಲ್ಲೂರಿನ ದಾರಿಯಲ್ಲಿ ಒಮ್ಮೆ ಅವರಿಗೆ ಸಿಂಗಳೀಕಗಳ ಹಿಂಡೇ ಎದುರಾಯಿತು. ಬಸ್ಸಿನಲ್ಲಿದ್ದವರೆಲ್ಲ ನೋಡಿದರು, ಅವರೂ ಕಣ್ತುಂಬ ನೋಡಿದರು. ಪುಸ್ತಕಕ್ಕೆ ಮಾತ್ರ ಅದು ಏರಲಿಲ್ಲ. ಒಂದು ಸಿಂಗಳೀಕಕ್ಕಾಗಿ ಎಲ್ಲೆಯನ್ನು ಹಿಗ್ಗಿಸುವುದು ಕ್ಷೇತ್ರವೃದ್ಧಿಯೆಂಬ ಅತಿಚಾರವೇ ಸರಿ.

ಎಲ್ಲೆಯೊಳಗೆ ಇರುವುದೇನು ಕಡಿಮೆಯೆ? ಗದ್ದೆಯ ಬೆಳ್ಳಕ್ಕಿ, ಮಿಂಚುಳ್ಳಿ, ತೆಂಗಿನ ತೋಟದ ಕೆಂಬೂತ, ಮುಂಗುಸಿ, ಉಡ, ಕೇರೆ, ನಾಗರ. ರಾತ್ರಿ ಊಳಿಡುವ ನರಿ. ಅಡಿಕೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿ. ಇತ್ತೀಚಿನ ದಶಕಗಳಲ್ಲಿ ಕರಾವಳಿಯ ಗದ್ದೆಗಳಿಗೂ ಇಳಿದು ಬಂದ ನವಿಲು. ದೀಪಾವಳಿ ಕಳೆಯುವ ಹೊತ್ತಿಗೆ ಉತ್ತರದ ಶೀತದೇಶಗಳಿಂದ ಬಂದ ಕಡಲಕ್ಕಿಗಳು ಪಡುಕರೆಯ ಮರಳಿನಲ್ಲಿ ಸಾಲಾಗಿ ನಿಂತಿರುತ್ತವೆ, ಹೊಸ ಪುಸ್ತಕಕ್ಕೆಂದೇ ಕಾದವರಂತೆ! ಕೋಡಿಯ ಮರಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆಯನ್ನು ಅವರು ಇಷ್ಟು ವರ್ಷಗಳಲ್ಲಿ ಕಂಡದ್ದು ಎರಡೇ ಸಲ.

ಇನ್ನು ಕೆಲವು ನಿಯಮಗಳು ಅನುಭವದಿಂದ ಹುಟ್ಟಿದುವು. ಗಂಗೊಳ್ಳಿಯ ಬಂದರಿನ ಬುಟ್ಟಿಗಳಲ್ಲಿ ಒಂದು ಮುಂಜಾನೆ ನಿಂತರೆ ಜಲಚರದ ಪುಟ ತುಂಬಿಹೋಗುತ್ತದೆ. ಆದರೆ ಸತ್ತದ್ದು ಲೆಕ್ಕಕ್ಕಿಲ್ಲ. ಗೂಡಿನ ಬಳಿ ಹೋಗಿ ನೋಡಿದ್ದು ಲೆಕ್ಕಕ್ಕಿಲ್ಲ. ಹಕ್ಕಿಯ ಕೂಗನ್ನು ಯಂತ್ರದಲ್ಲಿ ನುಡಿಸಿ ಅದನ್ನು ಕರೆಯಿಸಿಕೊಂಡದ್ದೂ ಇಲ್ಲ. ಪಾಪ, ತನ್ನ ಎಲ್ಲೆಗೆ ಶತ್ರು ಬಂದನೆಂದು ಹೊರಬರುವ ಹಕ್ಕಿಗೆ ಅದು ಮೋಸವಲ್ಲದೆ ಮತ್ತೇನು? ಹಿಂದೆ 17 ಎಂಬ ಸಂಖ್ಯೆಯಿದ್ದ, ಈಗ 66 ಎಂದಾಗಿರುವ ರಾಷ್ಟ್ರೀಯ ಹೆದ್ದಾರಿಯು ಚತುಷ್ಪಥವಾದ ಬಳಿಕ ಪುಸ್ತಕದ ಎಡಬದಿಯಲ್ಲಿ ಹೊಸದೊಂದು ಕಲಮು ತೆರೆಯಬೇಕಾಯಿತು. ರಸ್ತೆಯಲ್ಲಿ ಸತ್ತು ಬಿದ್ದುವನ್ನು ಅವರು ಅಲ್ಲಿ ಖರ್ಚಿನ ಬದಿಗೆ ಬರೆಯುತ್ತಾರೆ. ಪುನುಗಿನ ಬೆಕ್ಕು ಜೀವಂತವಾಗಿ ಜಮೆಯ ಬದಿಯಲ್ಲಿ ಕಾಣಿಸಿದ್ದಕ್ಕಿಂತ ಖರ್ಚಿನ ಬದಿಯಲ್ಲಿ ಕಾಣಿಸಿದ್ದೇ ಹೆಚ್ಚು.

ಇಷ್ಟೆಲ್ಲ ನಿಯಮಗಳನ್ನು ಮಾಡಿಕೊಂಡವರೂ ಜಾರಿದರು. ಅದನ್ನು ಹೇಳದೆ ಈ ಖಾತೆಯ ಕಥನ ಪೂರ್ಣವಾಗದು.

ಒಂದು ವರ್ಷ ದೀಪಾವಳಿಗೆ ಮೂರು ದಿನವಿರುವಾಗ ಪುಸ್ತಕವು 99ಕ್ಕೆ ಬಂದು ನಿಂತಿತು. ಹಿಂದೆಂದೂ ಅದು 95ನ್ನು ದಾಟಿರಲಿಲ್ಲ. ಮೊಮ್ಮಗನು ಶಾಲೆಯಲ್ಲಿ ತನ್ನ ಅಜ್ಜನಿಗೆ ಈ ಬಾರಿ ನೂರಾಗುವುದೆಂದು ಹೇಳಿಬಂದಿದ್ದನು. ಸಂಜೆ ಸೀತಾನದಿಯ ಅಳಿವೆಯಲ್ಲಿ ಪರಿಚಯದ ದೋಣಿಯವರೊಡನೆ ಹೊರಟರು. ಕಾಂಡ್ಲಾ ಗಿಡಗಳ ಮಗ್ಗುಲಲ್ಲಿ ದೋಣಿಯವರು ಹುಟ್ಟನ್ನು ನಿಲ್ಲಿಸಿ, “ಅಲ್ಕಾಣಿ, ನೀರ್ನಾಯಿ!” ಎಂದರು. ವರ್ತಕರು ಕನ್ನಡಕವನ್ನು ಸರಿಪಡಿಸಿಕೊಂಡು ತಿರುಗುವಷ್ಟರಲ್ಲಿ ನೀರಿನ ಮೇಲೆ ಉಂಗುರಗಳು ಮಾತ್ರ ಉಳಿದಿದ್ದುವು. ಅರ್ಧ ಗಂಟೆ ಕಾದರು. ಕತ್ತಲಾಯಿತು. ಆ ರಾತ್ರಿ ಅಂಗಡಿಯ ದೀಪದಲ್ಲಿ ಕುಳಿತು, ಉಂಗುರವೆದ್ದುದು ನಿಜ, ದೋಣಿಯವರು ಸುಳ್ಳು ಹೇಳುವವರಲ್ಲ, ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ‘100. ನೀರುನಾಯಿ’ ಎಂದು ಬರೆದರು. ಮನೆಯವರೆಲ್ಲ ಸಂತೋಷಪಟ್ಟರು. ವಾರದ ಬಳಿಕ ಅಕ್ಕಿಗೆ ಬಂದ ದೋಣಿಯವರು ಸುದ್ದಿ ಕೇಳಿ ನಕ್ಕರು: “ಒಡೇರೆ, ನೀರ್ನಾಯಿ ಕಂಡದ್ದ್ ನಾನ್, ಬರ್ದದ್ದ್ ನೀವ್!” ಅವರು ಹೇಳಿದ್ದು ತಮಾಷೆಗೆ. ವರ್ತಕರೂ ನಕ್ಕರು, ಆದರೆ ಆ ದಿನ ತಕ್ಕಡಿಯಲ್ಲಿ ಅಕ್ಕಿಯನ್ನು ಎರಡು ಸಲ ತೂಗಿದರಂತೆ.

ಮುಂದಿನ ಶ್ರಾವಣದಲ್ಲಿ ಕಾಲೇಜೊಂದರ ವಿದ್ಯಾರ್ಥಿ ಬಂದನು. ಒಂದೇ ಸ್ಥಳದಲ್ಲಿ ಒಬ್ಬರೇ ಬಿಡದೆ ಬರೆದ ವರ್ಷಾವಧಿ ಪಟ್ಟಿಗಳು ಅಪರೂಪವೆಂದು ಹೇಳಿ ಎಲ್ಲ ಪುಸ್ತಕಗಳನ್ನೂ ನಕಲು ಮಾಡಿಕೊಂಡನು. ನೀರುನಾಯಿಯ ಸಾಲಿಗೆ ಬಂದಾಗ ಅವನ ಮುಖವರಳಿತು. ಸ್ಥಳ, ತಿಥಿ, ಹೊತ್ತು ಎಲ್ಲವನ್ನೂ ಕೇಳಿ ಬರೆದುಕೊಂಡನು. ಹೇಳಿಬಿಡಲು ಅದೇ ಸಮಯವಾಗಿತ್ತು. ವರ್ತಕರು ಹೇಳಲಿಲ್ಲ. ಹುಡುಗನು ಚಹಾ ಕುಡಿದು, ಕಾಲಿಗೆ ನಮಸ್ಕರಿಸಿ ಹೊರಟುಹೋದನು.

ಒಂದು ಸಾಲಿನ ಸುಳ್ಳಿಗೆ ಅಷ್ಟೊಂದು ಬೆಲೆಯೆ ಎಂದು ಯಾರಾದರೂ ಕೇಳಬಹುದು. ರಾಜಸ್ಥಾನದ ಸರಿಸ್ಕಾದ ಸಂಗತಿಯನ್ನು ನೆನೆಯಬೇಕು. ಅಲ್ಲಿನ ಹುಲಿಗಳನ್ನು ಹೆಜ್ಜೆಗುರುತಿನಿಂದ ಎಣಿಸುತ್ತಿದ್ದರು. ಕಾಗದದಲ್ಲಿ ಹುಲಿಗಳಿದ್ದುವು. 2005ರಲ್ಲಿ ಪರಿಶೀಲಿಸಿದಾಗ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಲೆಕ್ಕವು ಇದೆ ಎಂದದ್ದರಿಂದಲೇ ಕಾಯುವವರು ನಿಶ್ಚಿಂತರಾಗಿದ್ದರು. ಆ ಹೆಜ್ಜೆಗುರುತಿನ ಪದ್ಧತಿಯು ನಂಬತಕ್ಕದ್ದಲ್ಲವೆಂದು ಬಹು ಹಿಂದಿನಿಂದಲೂ ವಾದಿಸಿದವರಲ್ಲಿ ಪ್ರಮುಖರು ಉಲ್ಲಾಸ ಕಾರಂತರು, ಇದೇ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರ ಪುತ್ರರು. ನಾಗರಹೊಳೆಯಲ್ಲಿ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮರಾಗಳನ್ನಿಟ್ಟು, ಪ್ರತಿಯೊಂದು ಹುಲಿಯನ್ನೂ ಅದರ ಪಟ್ಟೆಗಳಿಂದ ಗುರುತಿಸಿ, ಕಾಣದೆ ಉಳಿದವು ಎಷ್ಟಿರಬಹುದೆಂದು ಗಣಿತದಿಂದ ಅಂದಾಜಿಸುವ ವಿಧಾನವನ್ನು ಅವರು 1995ರಲ್ಲಿ ಪ್ರಕಟಿಸಿದರು. ಅದರಲ್ಲಿ ಕಂಡದ್ದು ಬೇರೆ, ಊಹಿಸಿದ್ದು ಬೇರೆ. ಎರಡಕ್ಕೂ ಬೇರೆ ಬೇರೆ ಕಲಮು. ವಾಣಿಜ್ಯಶಾಸ್ತ್ರವನ್ನು ಓದಿದ ಯಾರಿಗೂ ಇದರ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಗೆ ಬಂದ ನಗದನ್ನೂ ಬರಬಹುದಾದ ಬಾಕಿಯನ್ನೂ ಒಂದೇ ಸಾಲಿನಲ್ಲಿ ಕೂಡಿಸಿದ ಅಂಗಡಿ ಎಷ್ಟು ದಿನ ನಡೆದೀತು?

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂದಿತು. ಉತ್ತಮ ಸತ್ಯದ ದಿನ ಶಾಸ್ತ್ರಪ್ರವಚನದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳ ವಿವರಣೆ. ಕೂಟಲೇಖಕ್ರಿಯೆ, ಎಂದರೆ ಸುಳ್ಳು ದಸ್ತಾವೇಜು ಬರೆಯುವುದು, ಎಂಬ ಮಾತು ಬಂದಾಗ ಸಭೆಯಲ್ಲಿದ್ದ ಇತರ ವರ್ತಕರಿಗೆ ತೆರಿಗೆಯ ಲೆಕ್ಕ ನೆನಪಾಗಿರಬೇಕು. ಕೋಟದವರಿಗೆ ನೆನಪಾದದ್ದು ನೀರುನಾಯಿ. ವ್ಯಾಪಾರದ ಪುಸ್ತಕದಲ್ಲಿ ನಾಲ್ಕು ದಶಕ ಒಂದು ಪೈಸೆಯ ಸುಳ್ಳನ್ನು ಬರೆಯದವರು, ಯಾರೂ ಕೇಳದ, ಯಾವ ಲಾಭವೂ ಇಲ್ಲದ ಪುಸ್ತಕದಲ್ಲಿ ಬರೆದಿದ್ದರು. ಲಾಭ ಇಲ್ಲವೆನ್ನುವುದೂ ಸರಿಯಲ್ಲ. ಮಾನಕಷಾಯಕ್ಕೆ ಬೇಕಾದ ಲಾಭ ದೊರೆತಿತ್ತಲ್ಲವೆ?

ಪುಟವನ್ನು ಹರಿಯುವುದು ಸುಲಭವಾಗಿತ್ತು, ಆದರೆ ಖಾತೆಪುಸ್ತಕದ ಪುಟವನ್ನು ಹರಿಯಬಾರದು. ಕ್ಷಮಾವಾಣಿಯ ದಿನ ಅವರು ಮೊಮ್ಮಗನನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಹಳೆಯ ಪುಸ್ತಕವನ್ನು ತೆರೆದರು. ಬರೆದದ್ದು ಓದಲು ಬರುವಂತೆ ಒಂದೇ ಗೆರೆ ಎಳೆದು, ಕೆಂಪು ಶಾಯಿಯಲ್ಲಿ ತಿದ್ದುಪಡಿ ಬರೆದರು: ‘ಸ್ವಂತ ಕಂಡದ್ದಲ್ಲ, ದೋಣಿಯವರು ಕಂಡದ್ದು. 100ರಲ್ಲಿ 1 ವಜಾ.’ ಕೆಳಗೆ ತಾರೀಕು, ಸಹಿ. ಹುಡುಗನ ಮುಖ ಸಣ್ಣದಾಯಿತು. ಶಾಲೆಯಲ್ಲಿ ಏನು ಹೇಳುವುದೆಂದು ಕೇಳಿದನು. ತೊಂಬತ್ತೊಂಬತ್ತೆಂದು ಹೇಳು, ಎಂದರು. ಅವನು ಹೇಳಿದನೋ ಇಲ್ಲವೋ, ಅವರು ವಿಚಾರಿಸಲಿಲ್ಲ.

ವಿದ್ಯಾರ್ಥಿಗೆ ಬರೆಯುವುದು ಇದಕ್ಕಿಂತ ಕಷ್ಟವಾಯಿತು. ಮೂರು ಕಾರ್ಡುಗಳು ಹಾಳಾದುವು. ಮೊದಲನೆಯದರಲ್ಲಿ ಕಣ್ಣಿನ ಮಂದದೃಷ್ಟಿಯ ನೆಪವಿತ್ತು, ಎರಡನೆಯದರಲ್ಲಿ ಕತ್ತಲೆಯ ನೆಪ. ಮೂರನೆಯದು ಶಾಸ್ತ್ರದ ಮಾತುಗಳಿಂದ ತುಂಬಿಹೋಗಿತ್ತು. ಕೊನೆಗೆ ಕಳುಹಿಸಿದ ನಾಲ್ಕನೆಯ ಕಾರ್ಡಿನಲ್ಲಿ ಇದ್ದುದು ಎರಡೇ ವಾಕ್ಯ: ಆ ಸಾಲು ಸುಳ್ಳು, ನೀನು ಕೇಳಿದ ದಿನ ನಾನು ಸುಮ್ಮನಿದ್ದದ್ದು ಇನ್ನೂ ದೊಡ್ಡ ತಪ್ಪು, ಕ್ಷಮಿಸು. ದೋಣಿಯವರ ಮನೆ ಎಲ್ಲಿದೆಯೆಂದು ಕೆಳಗೆ ಬರೆದಿದ್ದರು.

ಉತ್ತರ ಬರಲು ತಿಂಗಳಾಯಿತು. ಹುಡುಗನು ಅಷ್ಟರಲ್ಲಿ ಬಂದು ನೇರವಾಗಿ ದೋಣಿಯವರನ್ನು ಕಂಡು, ಅರ್ಧ ದಿನ ಕುಳಿತು ಕೇಳಿ ಹೋಗಿದ್ದನು. ಅವರು ಎಂದೋ ಕಂಡ ಪ್ರಾಣಿಗಳು, ಈಗ ಕಾಣದವು, ಬಲೆಗೆ ಸಿಕ್ಕಿ ಬಿಡಿಸಿಕಳುಹಿಸಿದ ಆಮೆಗಳು, ಎಲ್ಲವನ್ನೂ ಬರೆದುಕೊಂಡಿದ್ದನು. ಇಷ್ಟು ವರ್ಷ ಅದೇ ದೋಣಿಯಲ್ಲಿ ಕುಳಿತು ಹಕ್ಕಿಗಳನ್ನು ನೋಡಿದ ವರ್ತಕರು ಅವರನ್ನು ಇದೊಂದನ್ನೂ ಕೇಳಿರಲಿಲ್ಲ.

ಆ ದೀಪಾವಳಿಗೆ ವರ್ಷದ ಮೊತ್ತ 91 ಆಯಿತು. ಮರುದಿನ ಅಂಗಡಿಯಲ್ಲಿ ಕುಂಕುಮವಿಟ್ಟ ಪುಸ್ತಕಗಳು ಮೂರು. ಓದುಬರಹ ಬಾರದ ದೋಣಿಯವರ ಹೆಸರಿನಲ್ಲಿ ಮೂರನೆಯದು, ಬರೆಯುವ ಕೆಲಸ ಮೊಮ್ಮಗನದು. ಅಕ್ಕಿಗೆ ಬಂದಾಗಲೆಲ್ಲ ಅವರು ಜಗಲಿಯಲ್ಲಿ ಕುಳಿತು ಹೇಳುತ್ತಾರೆ, ಹುಡುಗನು ಬರೆಯುತ್ತಾನೆ. ಆ ಪುಸ್ತಕಕ್ಕೆ ಎಲ್ಲೆ ಯಾವುದೆಂದು ಕೇಳಿದ್ದಕ್ಕೆ ದೋಣಿಯವರು ಪಡುವಣದ ಕಡೆಗೆ ಕೈ ಬೀಸಿದರು. ವರ್ತಕರು ಅದಕ್ಕೆ ಆಕ್ಷೇಪಿಸಲಿಲ್ಲ. ಮಾರ್ಗಶಿರ ಕಳೆಯುವಷ್ಟರಲ್ಲಿ ಆ ಪುಸ್ತಕದಲ್ಲಿ 40 ಸಾಲು ತುಂಬಿದ್ದುವು, ವರ್ತಕರದ್ದರಲ್ಲಿ 37.