ಆರೂವರೆಯ ಪಟ್ಟಿ

ಡಿಸೆಂಬರಿನ ಬೆಳಿಗ್ಗೆ, ಆರು ಇಪ್ಪತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ಕೆಳಗೆ ಇನ್ನೂ ಮಬ್ಬು. ರಾತ್ರಿಯಿಡೀ ಕೊಂಬೆಯಿಂದ ಕೊಂಬೆಗೆ ನಿಧಾನ ಸಾಗಿದ ಕಾಡುಪಾಪಗಳು ಮುದುಡಿ ಮಲಗುವ ಹೊತ್ತು. ಸದ್ದು ಮಾಡದೆ ಗಣಿತ ವಿಭಾಗದ ಮೆಟ್ಟಿಲು ಹತ್ತಿ. ಕಾರಿಡಾರಿನಲ್ಲಿ ಒಂದೇ ಬಾಗಿಲಿನ ಸಂದಿಯಿಂದ ಬೆಳಕು ಚೆಲ್ಲಿದೆ.

ಒಳಗಿರುವ ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ಮುಗಿಸಿ ತಾತ್ಕಾಲಿಕ ಹುದ್ದೆಯಲ್ಲಿರುವ ಸಂಶೋಧಕನಿಗೆ, ಮೂವತ್ತನಾಲ್ಕು. ಮನೆಯವರ ಬಾಯಲ್ಲಿ ಈಗಲೂ 'ಓದ್ತಿರೋ ಹುಡುಗ'. ಬೋರ್ಡಿನ ಮೇಲೆ ನಿನ್ನೆಯ ಸೀಮೆಸುಣ್ಣ. ಎರಡು ಆಯಾಮದಲ್ಲಿ ಸಲೀಸಾಗಿ ನಿಲ್ಲುವ ಅಸಮಾನತೆ ಮೂರಕ್ಕೆ ಬಂದೊಡನೆ ಕೈಕೊಡುತ್ತದೆ. ಹದಿನಾಲ್ಕು ತಿಂಗಳಿಂದ ಅದೇ ಸಾಲು. ಅವನ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ಪಿನ ಅವಧಿ 24 ತಿಂಗಳು, ಒಬ್ಬರಿಗೆ ಒಂದೇ ಸಲ.

ಆರೂವರೆ. ನ್ಯೂಯಾರ್ಕಿನಲ್ಲಿ ಹಿಂದಿನ ರಾತ್ರಿ ಎಂಟು. ಸಂಶೋಧಕರು ಪ್ರಬಂಧ ಹಾಕುವ ಆರ್ಕೈವ್ ತಾಣದಲ್ಲಿ ಹೊಸ ಪಟ್ಟಿ ಬೀಳುವ ಗಳಿಗೆ. ಅವನು ಪರದೆಯತ್ತ ಬಗ್ಗುತ್ತಾನೆ. ನೀವೂ ಅವನ ಹೆಗಲ ಹಿಂದೆ ಬಗ್ಗಿ. ಶೀರ್ಷಿಕೆಗಳು ಒಂದೊಂದೇ ಮೇಲೆ ಸರಿಯುತ್ತವೆ. ಒಂದರ ಮೇಲೆ ಬೆರಳು ನಿಂತಿತು. ಅವನ ಉಸಿರೂ ನಿಂತಂತಿದೆ. ಸಾರಾಂಶ ಓದುತ್ತಾನೆ, ಇನ್ನೊಮ್ಮೆ ಓದುತ್ತಾನೆ. ಇಲ್ಲ, ಅದು ಬೇರೆ ಸಮೀಕರಣ. ಇವತ್ತಿನ ಮಟ್ಟಿಗೆ ಅವನ ಪ್ರಶ್ನೆ ಅವನದೇ.

ಪಕ್ಕದಲ್ಲಿ ಗಣಿತದ ಕೆಲಸಗಳಿಗೆ ಅರ್ಜಿ ಹಾಕುವ ಮ್ಯಾಥ್‌ಜಾಬ್ಸ್ ತಾಣ ತೆರೆದೇ ಇದೆ. ಸಂಶೋಧನಾ ಯೋಜನೆ ಹೋಗಿದೆ, ಬೋಧನೆಯ ಬಗ್ಗೆ ಬರೆದದ್ದೂ ಹೋಗಿದೆ. ಮೂರು ಶಿಫಾರಸು ಪತ್ರಗಳಲ್ಲಿ ಎರಡು ಬಂದಿವೆ. ಅವುಗಳಲ್ಲಿ ಏನಿದೆಯೋ ಅವನಿಗೆ ತಿಳಿಯುವಂತಿಲ್ಲ; ಬರೆದವರು ನೇರವಾಗಿ ಕಳಿಸುತ್ತಾರೆ. ಮೂರನೆಯದರ ಎದುರು ಖಾಲಿ. ಮೇಷ್ಟ್ರಿಗೆ ನೆನಪಿಸಲೇ, ಬೇಡವೇ ಎಂಬುದರಲ್ಲೇ ವಾರ ಕಳೆದಿದೆ.

ಮೇಜಿನ ಮೇಲೆ ರಾಮಾನುಜನ್ ಚಿತ್ರ. 1913ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಪೋರ್ಟ್ ಟ್ರಸ್ಟಿನ ಆ ಗುಮಾಸ್ತರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. ಎರಡು ವರ್ಷಕ್ಕೆ. ನೂರು ವರ್ಷ ದಾಟಿದರೂ ಲೆಕ್ಕ ಅದೇ ಎರಡು ವರ್ಷ! ನನಗೆ ಸಂಕಟವಾಗುವುದು ಇಲ್ಲೇ. ಮೊದಲ ವರ್ಷ ಪ್ರಶ್ನೆಯೊಳಗೆ ಇಳಿಯುವುದಕ್ಕೇ ಬೇಕು. ಎರಡನೆಯದನ್ನು ಮುಂದಿನ ಕೆಲಸದ ಹುಡುಕಾಟ ನುಂಗುತ್ತದೆ. ಬರೆದ ಪ್ರಬಂಧ ಪರಿಶೀಲಕರ ಬಳಿಯೇ ವರ್ಷಗಟ್ಟಲೆ ಕೂರಬಹುದು. ಬೇಗ ಮುಗಿಯುವ ಸಣ್ಣ ಪ್ರಶ್ನೆ ಹಿಡಿದವರು ಹೇಗೋ ದಡ ಸೇರುತ್ತಾರೆ, ಆಳದ್ದನ್ನು ಹಿಡಿದವನಿಗೆ ಕಾಲ ಸಾಲದು.

ಫೋನು ಗುಂಯ್‌ಗುಟ್ಟುತ್ತದೆ. ಶಿವಮೊಗ್ಗದಿಂದ ಅಮ್ಮ.

"ಇಷ್ಟೊತ್ತಿಗೇ ಎದ್ದಿದೀಯೇನೋ?"

"ಹ್ಞೂಂ ಅಮ್ಮ."

"ಆ ಪರ್ಮನೆಂಟ್ ವಿಷಯ ಏನಾಯ್ತೋ?"

"ಇನ್ನೂ ಗೊತ್ತಾಗಿಲ್ಲಮ್ಮ."

ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಸ್ವೆಟರ್ ಹಾಕ್ಕೋ. ಚಳಿ ಜಾಸ್ತಿ ಅಂತೆ ಅಲ್ಲಿ."

ಫೋನನ್ನು ಬೋರಲು ಹಾಕಿ ಏಳುತ್ತಾನೆ. ಡಸ್ಟರ್ ಎತ್ತಿ ಬೋರ್ಡನ್ನೆಲ್ಲ ಒರೆಸುತ್ತಾನೆ, ಆ ಒಂದು ಸಾಲು ಬಿಟ್ಟು. ಅದರ ಕೆಳಗೆ ಹೊಸ ಸೀಮೆಸುಣ್ಣದಲ್ಲಿ ಬರೆಯತೊಡಗುತ್ತಾನೆ. ನೀವು ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಆ ಮೂಲೆಯೂ ಅವನಿಗೆ ಬೇಕಾಗುತ್ತದೆ.