ಉಲ್ಟಾ ಹೊಡೆಯುವ 7402

ಎಲೆಕ್ಟ್ರಾನಿಕ್ಸ್ ಓದಿದವರಲ್ಲಿ ಸ್ವಂತ ಮೊಬೈಲ್ ನಂಬರಿಗೇ ತಡವರಿಸುವವರೂ ಒಂದು ಮಾತು ಮರೆತಿರುವುದಿಲ್ಲ: ಏಳಕ್ಕೆ ಗ್ರೌಂಡು, ಹದಿನಾಲ್ಕಕ್ಕೆ ಐದು ವೋಲ್ಟು. ನಮಗೆ ಅದನ್ನು ಬಾಯಿಪಾಠ ಮಾಡಿಸಿದವರು ಮೇಷ್ಟ್ರಲ್ಲ, ಡಿಜಿಟಲ್ ಲ್ಯಾಬಿನ ಅಟೆಂಡರು. ಅವರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದೆವು. ಐಸಿಯ ಒಂದು ತುದಿಯಲ್ಲಿ ಸಣ್ಣ ಕಚ್ಚು ಇರುತ್ತದಲ್ಲ, ಅದನ್ನು ಎಡಕ್ಕೆ ಹಿಡಿದರೆ ಕೆಳಸಾಲಿನ ಎಡತುದಿಯದು ಒಂದನೇ ಪಿನ್ನು. ಅಲ್ಲಿಂದ ಬಲಕ್ಕೆ ಏಳರವರೆಗೆ ಹೋಗಿ, ಮೇಲೆ ಹತ್ತಿ, ಎಡಕ್ಕೆ ವಾಪಸು ಬರಬೇಕು. "ದೇವಸ್ಥಾನದಲ್ಲಿ ಪ್ರದಕ್ಷಿಣೆ, ಇಲ್ಲಿ ಅಪ್ರದಕ್ಷಿಣೆ ಕಣಪ್ಪಾ" ಎನ್ನುತ್ತಿದ್ದರು ಅಣ್ಣ. ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಓದಿಲ್ಲ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1960ರ ದಶಕದಲ್ಲಿ ಹೊರತಂದ ಈ 74 ಸರಣಿಯಲ್ಲಿ 7400 ಎಂದರೆ ನಾಲ್ಕು ನ್ಯಾಂಡ್ ಗೇಟುಗಳ ತುಂಬು ಕುಟುಂಬ. ಒಂದು, ಎರಡು ಇನ್‌ಪುಟ್, ಮೂರು ಔಟ್‌ಪುಟ್. ಆ್ಯಂಡ್ ಗೇಟಿನ 7408, ಆರ್ ಗೇಟಿನ 7432, ಎಕ್ಸಾರ್‌ನ 7486, ಎಲ್ಲದರದ್ದೂ ಇದೇ ಪದ್ಧತಿ. ಬ್ರೆಡ್‌ಬೋರ್ಡಿನ ವೈರು ಮುಟ್ಟದೆ ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸಿದರೆ ಮುಂದಿನ ಪ್ರಯೋಗ ಸಿದ್ಧ. ಸೋಮಾರಿಗಳಿಗೆ ಇದಕ್ಕಿಂತ ಸುಖ ಬೇಕೆ?

ಆ ಸುಖಕ್ಕೆ ಕಲ್ಲು ಹಾಕುವುದೇ ನಾರ್ ಗೇಟಿನ 7402. ಇದರ ಒಂದನೇ ಪಿನ್ನು ಔಟ್‌ಪುಟ್. ಇನ್‌ಪುಟ್ ಎರಡು ಮತ್ತು ಮೂರು. ಹಳೇ ವೈರಿನಲ್ಲೇ ಕೂರಿಸಿದಿರೋ, ಅದು ಸೊನ್ನೆ ಕೊಡಬೇಕೆಂದಿರುವ ಪಿನ್ನಿಗೆ ನೀವು ಐದು ವೋಲ್ಟು ತುರುಕುತ್ತೀರಿ. ಎಲ್‌ಇಡಿ ತನಗೆ ತೋಚಿದಂತೆ ಉರಿಯುತ್ತದೆ, ಟ್ರೂತ್ ಟೇಬಲ್ ಸುಳ್ಳು ಹೇಳತೊಡಗುತ್ತದೆ. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಹೀಗೆ ಮಾಡುತ್ತಿದ್ದರು. ಅಣ್ಣ ಬಂದು ಐಸಿಯ ಬೆನ್ನ ಮೇಲೆ ಬೆರಳಿಟ್ಟು ಜ್ವರ ನೋಡಿ, "ಪಿನ್ ಡಯಾಗ್ರಾಂ ನೋಡಿದ್ಯೇನಮ್ಮಾ?" ಎಂದಷ್ಟೇ ಕೇಳುತ್ತಿದ್ದರು. ಚಂದ್ರನ ಮೇಲೆ ಇಳಿದ ಅಪೊಲೊ ನೌಕೆಯ ಕಂಪ್ಯೂಟರಿನ ಲಾಜಿಕ್ಕನ್ನೆಲ್ಲ ನಾರ್ ಗೇಟುಗಳಿಂದಲೇ ಕಟ್ಟಿದ್ದರು. ಅಂಥ ಮನೆತನದ ಕುಡಿ ಕೊಂಚ ಸೆಟೆದು ನಿಂತರೆ ನಾನಂತೂ ತಪ್ಪೆನ್ನಲಾರೆ.

ಸಿಮಾಸ್ ಬಳಗದ 4011 ಇನ್ನೂ ಕಿಲಾಡಿ. ಅದೂ ನ್ಯಾಂಡೇ. ಮೊದಲ ಗೇಟು 7400ರಂತೆಯೇ ಇದ್ದು ನಂಬಿಕೆ ಹುಟ್ಟಿಸುತ್ತದೆ. ಎರಡನೆಯದರಲ್ಲಿ ನಾಲ್ಕು ಔಟ್‌ಪುಟ್, ಐದು-ಆರು ಇನ್‌ಪುಟ್! ಕೌಂಟರ್ 7490ಕ್ಕೆ ಬಂದರೆ ಬಾಯಿಪಾಠವೂ ಕೈಕೊಡುತ್ತದೆ: ಐದು ವೋಲ್ಟು ಐದನೇ ಪಿನ್ನಿಗೆ, ಗ್ರೌಂಡು ಹತ್ತಕ್ಕೆ. 74 ಸರಣಿಯ ಈ ಟಿಟಿಎಲ್ ಐಸಿಗಳಲ್ಲಿ ಇನ್‌ಪುಟ್ಟಿಗೆ ವೈರು ಹಾಕುವುದನ್ನೇ ಮರೆತರೆ ಅದು ಸುಮ್ಮನಿರದೆ 'ಒಂದು' ಎಂದುಕೊಂಡುಬಿಡುತ್ತದೆ. ಹಾಗಾಗಿ ಅರ್ಧಂಬರ್ಧ ವೈರಿಂಗು ಎಷ್ಟೋ ಸಲ ಸರಿಯುತ್ತರ ಕೊಟ್ಟು, ಎಕ್ಸ್‌ಟರ್ನಲ್ ಬಂದ ದಿನವೇ ಮರ್ಯಾದೆ ಕಳೆಯುತ್ತಿತ್ತು.

ಇದೆಲ್ಲ ಐಸಿಯ ನಂಬರು ಓದಲು ಬಂದರೆ ತಾನೆ! ಸವೆದ ಅಕ್ಷರಗಳನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ಓದಬೇಕಿತ್ತು. ಮೇಲಾಗಿ ಹಳೇ ಐಸಿಗಳ ಮೇಲೆ ತಯಾರಾದ ವರ್ಷ, ವಾರ ಸೇರಿಸಿ ನಾಲ್ಕಂಕಿ ಬೇರೆ. 1974ರ ಎಂಟನೇ ವಾರ ಹುಟ್ಟಿದ 7400ರ ಬೆನ್ನ ಮೇಲೆ 7408 ಎಂದೂ ಅಚ್ಚಾಗಿರುತ್ತದೆ. ನ್ಯಾಂಡೋ ಆ್ಯಂಡೋ, ನೀವೇ ಹೇಳಿ. ಅಣ್ಣನಿಗೆ ಈ ಗೊಂದಲವಿರಲಿಲ್ಲ. "ಇದು ಹೆಸರು, ಇದು ಜಾತಕ" ಎಂದು ಎರಡು ಡಬ್ಬಿಗೆ ಬೇರೆ ಮಾಡಿ ಹಾಕುತ್ತಿದ್ದರು.

ಅವರು ನಿವೃತ್ತರಾದರು. ಈಗಿನ ಹುಡುಗರು ಗೇಟನ್ನು ವೆರಿಲಾಗ್‌ನಲ್ಲಿ ಟೈಪ್ ಮಾಡುತ್ತಾರೆ. ತಪ್ಪಿದರೆ ಪರದೆಯ ಮೇಲೆ ಕೆಂಪಕ್ಷರ ಬರುತ್ತದೆ, ಯಾರ ಬೆರಳೂ ಸುಡುವುದಿಲ್ಲ. ಅನುಕೂಲವೇ, ಒಪ್ಪಿದೆ. ಆದರೂ ಸಪ್ಲೈ ಆನ್ ಮಾಡುವ ಮುಂಚೆ ಪ್ರತಿ ವೈರನ್ನೂ ಬೆರಳಲ್ಲಿ ಹಿಂಬಾಲಿಸಿ, ಪಕ್ಕದವಳಿಂದ "ಸರಿ ಇದೆ, ಹಾಕು" ಅನ್ನಿಸಿಕೊಳ್ಳುತ್ತಿದ್ದ ಆ ಅರೆಗಳಿಗೆಯ ಪುಕಪುಕ ಪರದೆಯಲ್ಲಿ ಸಿಗದು.

ಎಸ್.ಪಿ. ರೋಡಿನಲ್ಲಿ ಕೊಂಡ ಐಸಿಯನ್ನು ಮನೆಯಲ್ಲಿ ಮಕ್ಕಳ ಜೊತೆ ಜೋಡಿಸುವವರು ಈಗಲೂ ಇದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ: ನೆನಪನ್ನು ನಂಬಬೇಡಿ, ಡೇಟಾಶೀಟ್ ತೆರೆದಿಟ್ಟುಕೊಳ್ಳಿ. ಇಂದಿನ 74ಎಚ್‌ಸಿ02ರಲ್ಲೂ ಒಂದನೇ ಪಿನ್ನು ಔಟ್‌ಪುಟ್ಟೇ.