ಬಟ್ಟೆಯ ಮಾಡಿನ ಮೋಟಾರು

ತಗಡಿನ ಮಾಡುಳ್ಳ ಮೋಟಾರಿನ ಯಜಮಾನನು ಮಳೆಗಾಲವನ್ನು ರಸ್ತೆಯ ಹಳ್ಳಗಳಿಂದ ಅಳೆಯುತ್ತಾನೆ; ಬಟ್ಟೆಯ ಮಾಡುಳ್ಳ ಮೋಟಾರಿನ ಯಜಮಾನನು ಅದನ್ನು ತನ್ನ ಮೊಣಕಾಲಿನಿಂದ ಅಳೆಯುತ್ತಾನೆ. ಮೊದಲ ಹನಿ ಬೀಳುವುದು ಅಲ್ಲಿಯೇ. ಬೇಸಗೆಯ ಸಂಜೆಯಲ್ಲಿ ಮಾಡನ್ನು ಹಿಂದಕ್ಕೆ ಮಡಿಸಿ, ತಣ್ಣನೆಯ ಗಾಳಿಗೆ ಮುಖವೊಡ್ಡಿ ಲಾಲ್‌ಬಾಗಿನ ಕಡೆಗೆ ಸವಾರಿ ಹೊರಟವನನ್ನು ಕಂಡು ಹೊಟ್ಟೆಕಿಚ್ಚುಪಡುವ ಮಹನೀಯರು ದಯವಿಟ್ಟು ಸೆಪ್ಟೆಂಬರ್ ತಿಂಗಳಲ್ಲಿ ಒಮ್ಮೆ ಅವನ ಮನೆಗೆ ಬರಬೇಕು. ಆಗ ಅವನು ಅಂಗಳದಲ್ಲಿ ಮಂಡಿಯೂರಿ, ಹಳೆಯ ಟವೆಲಿನಿಂದ ಮೋಟಾರಿನ ನೆಲವನ್ನು ಒರೆಸುತ್ತಿರುತ್ತಾನೆ. ಹೊಟ್ಟೆಕಿಚ್ಚು ತಾನಾಗಿ ಶಮನವಾಗುತ್ತದೆ.

ನಮ್ಮ ಮನೆಯ ಗಾಡಿ 1954ರ ಮಾರಿಸ್ ಮೈನರ್. ಅಲೆಕ್ ಇಸಿಗೊನಿಸ್ ಎಂಬ ತಜ್ಞನು ರೂಪಿಸಿದ ಈ ಜಾತಿಯ ಮೋಟಾರು 1948ರ ಲಂಡನ್ ಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿತ್ತು. ಮುಂದೆ ಎರಡು ದಶಕಗಳಿಗೂ ಮಿಕ್ಕಿ ಸುಮಾರು 16 ಲಕ್ಷ ಗಾಡಿಗಳು ತಯಾರಾದವು. ಮಾಡು ಮಡಿಸುವ ಬಗೆಯವು ಮಾತ್ರ 1969ಕ್ಕೆ ನಿಂತುಹೋದವು. ನಮ್ಮದರ ಎಂಜಿನ್ನು 803 ಸಿ.ಸಿ.; ಮುಂದಿನ ಗಾಜು ನಡುವೆ ಸೀಳಿದಂತೆ ಎರಡು ಹೋಳು. 1967ರಲ್ಲಿ ಚಿಕ್ಕಮಗಳೂರಿನ ಕಡೆಯ ಕಾಫಿ ತೋಟದ ದೊರೆಯೊಬ್ಬರು ಊರು ಬಿಡುವಾಗ ನಮ್ಮ ತಂದೆಯವರು ಇದನ್ನು ಕೊಂಡು ತಂದರು. ತಂದೆಯವರು 2009ರಲ್ಲಿ ತೀರಿಕೊಂಡರು. ಅವರ ಎಡಗಡೆಯ ಸೀಟಿನಲ್ಲಿ ನಲವತ್ತು ವರ್ಷ ಕುಳಿತ ನಮ್ಮ ತಾಯಿಯವರು ಈಗಲೂ ಅದೇ ಸೀಟಿನಲ್ಲಿ ಕುಳಿತೇ ದೇವಸ್ಥಾನಕ್ಕೆ ಹೋಗುತ್ತಾರೆ. ಗಾಡಿ ಚಲಾಯಿಸುವವನು ಬದಲಾದನೇ ಹೊರತು ಸೀಟು ಬದಲಾಗಲಿಲ್ಲ.

ಬಟ್ಟೆಯು ಮಳೆಯನ್ನು ತಡೆಯುವುದೆಂತು ಎಂದು ಕೇಳುವವರುಂಟು. 1823ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞನು ನ್ಯಾಫ್ತಾ ಎಂಬ ಎಣ್ಣೆಯಲ್ಲಿ ರಬ್ಬರನ್ನು ಕರಗಿಸಿ, ಎರಡು ಪದರ ಬಟ್ಟೆಗಳ ನಡುವೆ ಅದನ್ನು ಬಳಿದು ಒಂದಾಗಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಮಳೆ ಅಂಗಿಗೆ ಅವನ ಹೆಸರೇ ನಿಂತಿತು. ಮೋಟಾರಿನ ಒಳ್ಳೆಯ ಹುಡ್ಡಿನ ಬಟ್ಟೆಯೂ ಇದೇ ವಂಶದ್ದು: ಮೇಲೆ ಬಟ್ಟೆ, ಕೆಳಗೆ ಬಟ್ಟೆ, ನಡುವೆ ರಬ್ಬರು. ಇಂಥ ಬಟ್ಟೆ ಸುಲಭವಾಗಿ ಸೋರದು. ಸೋರುವುದು ಬಟ್ಟೆ ಬೇರೊಂದನ್ನು ಸೇರುವಲ್ಲಿ. ಸೂಜಿ ಚುಚ್ಚಿದಲ್ಲಿ, ಮೊಳೆ ಬಡಿದಲ್ಲಿ, ಗಾಜಿನ ಅಂಚನ್ನು ರಬ್ಬರು ಪಟ್ಟಿ ಅಪ್ಪಿ ಹಿಡಿಯಬೇಕಾದಲ್ಲಿ.

ನಮ್ಮ ಗಾಡಿಯಲ್ಲಿ 2021ರ ಮಳೆಗಾಲಕ್ಕೆ ತಾಯಿಯವರ ಭುಜದ ಬಳಿ, ಬಾಗಿಲಿನ ಗಾಜೂ ಅದರ ಹಿಂದಿನ ಪಕ್ಕದ ಗಾಜೂ ಕೂಡುವಲ್ಲಿ, ಹನಿ ಇಳಿಯತೊಡಗಿತು. ತಾಯಿಯವರು ಗೊಣಗಲಿಲ್ಲ, ಕೈಚೀಲದಲ್ಲಿ ಒಂದು ಸಣ್ಣ ಟವೆಲು ಇಟ್ಟುಕೊಂಡರು. ನಾನು ಪರಸ್ಥಳದಲ್ಲಿದ್ದಾಗ ಮನೆಯವರು ಗಾಡಿಯನ್ನು ಒಂದು ಕಾರ್ಖಾನೆಗೆ ಒಪ್ಪಿಸಿದರು. ಅಲ್ಲಿಯವರು ಹನಿ ಬೀಳುತ್ತಿದ್ದ ಕಡೆ ಸಿಲಿಕೋನ್ ಅಂಟನ್ನು ಧಾರಾಳವಾಗಿ ಮೆತ್ತಿ, ಬಿಲ್ಲನ್ನೂ ಅಷ್ಟೇ ಧಾರಾಳವಾಗಿ ಬರೆದು ಕಳುಹಿಸಿದರು. ಹನಿ ನಿಂತಿತು. ಮನೆಮಂದಿಗೆಲ್ಲ ಸಂತೋಷವಾಯಿತು. ಟವೆಲು ಬೀರುವಿಗೆ ಹೋಯಿತು.

2022ರ ಮಳೆಯನ್ನು ಬೆಂಗಳೂರಿನವರು ಮರೆಯುವಂತಿಲ್ಲ. ಆ ಸೆಪ್ಟೆಂಬರಿನಲ್ಲಿ ಎಷ್ಟೋ ಬಡಾವಣೆಗಳು ನೀರಿನಲ್ಲಿ ನಿಂತವು. ನಮ್ಮ ಅಂಗಳದಲ್ಲಿ ನೀರು ನಿಲ್ಲಲಿಲ್ಲ. ಆದರೆ ಗಾಡಿಯ ಬಾಗಿಲು ತೆರೆದೊಡನೆ ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿಯಹತ್ತಿತು. ಹನಿ ಎಲ್ಲಿಯೂ ಕಾಣದು. ಪುಣೆಯಲ್ಲಿರುವ ನಮ್ಮ ಅಣ್ಣನವರು ಪತ್ತೇದಾರಿಕೆಗೆ ಹೋಗದೆ ನೇರವಾಗಿ ತೀರ್ಪು ಕೊಟ್ಟರು: ‘ಮಾರಿಬಿಡೋಣ.’ ಕೊಳ್ಳುವವರೂ ಸಿಕ್ಕಿದ್ದರು. ಹೊಸದಾಗಿ ಕಟ್ಟಿದ ವಿಹಾರಧಾಮದ ಬಾಗಿಲಲ್ಲಿ ಅಲಂಕಾರಕ್ಕೆ ನಿಲ್ಲಿಸಲು ಅವರಿಗೊಂದು ಹಳೆಯ ಗಾಡಿ ಬೇಕಾಗಿತ್ತು. ಅಣ್ಣನವರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಎಂಬತ್ತನಾಲ್ಕು ವರ್ಷದ ತಾಯಿಯವರು ಬೂಷ್ಟು ಹಿಡಿದ ಗಾಡಿಯಲ್ಲಿ ಕೂರಬಾರದೆಂಬ ಕಾಳಜಿಯೇ ಇತ್ತು. ತಾಯಿಯವರು ಬೇಕೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಒಂದು ಮಾತು ಮಾತ್ರ ಹೇಳಿದರು: ‘ಈಚೆಗೆ ನನ್ನ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕಾಗಿದೆ. ಮೊದಲು ಹಾಗಿರಲಿಲ್ಲ.’

ಹಳೆಯ ಬಾಗಿಲು, ಸವೆದ ಕೀಲು ಎಂದು ಎಲ್ಲರೂ ತಳ್ಳಿಹಾಕಿದ ಮಾತು ಅದು. ಆದರೆ ಮಾಡು ಮಡಿಸುವ ಗಾಡಿಯಲ್ಲಿ ಬಾಗಿಲಿನ ಮಾತನ್ನು ತಳ್ಳಿಹಾಕಲಾಗದು. ಮಾರಿಸ್ ಮೈನರಿಗೆ ಲಾರಿಯಂತೆ ಬೇರೆಯದೇ ಆದ ಚೌಕಟ್ಟಿಲ್ಲ. ಒಡಲೇ ಅದರ ಬೆನ್ನೆಲುಬು. ತಗಡಿನ ಮಾಡಿದ್ದರೆ ಭಾರವನ್ನು ಮಾಡೂ ನೆಲವೂ ಹಂಚಿಕೊಳ್ಳುತ್ತವೆ. ಮಾಡು ಬಟ್ಟೆಯಾದಾಗ ಆ ಭಾರವೆಲ್ಲ ನೆಲದ ತಗಡಿನ ಮೇಲೂ ಬಾಗಿಲ ಕೆಳಗಿನ ಹೊಸ್ತಿಲ ಮೇಲೂ ಬೀಳುತ್ತದೆ. ಆದಕಾರಣವೇ ತಯಾರಕರು ಇಂಥ ಗಾಡಿಗಳ ನೆಲಕ್ಕೆ ಹೆಚ್ಚಿನ ಉಕ್ಕಿನ ಆಸರೆ ಕೊಟ್ಟಿರುತ್ತಾರೆ. ಹೊಸ್ತಿಲು ತುಕ್ಕು ಹಿಡಿದರೆ ಗಾಡಿ ನಡುವಿನಲ್ಲಿ ಕುಸಿಯುತ್ತದೆ. ಕುಸಿತವು ಮೊದಲು ತೋರುವುದು ಬಾಗಿಲಿನ ಸಂದಿನಲ್ಲಿ. ತಾಯಿಯವರ ಕೈ ಅದನ್ನು ನಮ್ಮೆಲ್ಲರ ಕಣ್ಣಿಗಿಂತ ಮೊದಲು ಅರಿತಿತ್ತು.

ಮುಂದಿನ ಭಾನುವಾರ ಬಿಸಿಲಿತ್ತು. ಗಾಡಿಯ ಒಳಗೆ ಮಗಳು, ಹೊರಗೆ ನಾನು. ಅವಳ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ. ಒಳಗಿನ ಹೊಲಿಗೆ, ಪಟ್ಟಿಗಳ ಮೇಲೆಲ್ಲ ಪೌಡರು ಉದುರಿಸಿದರೆ ನೀರು ಹರಿದ ಜಾಡು ಗೆರೆ ಎಳೆದಂತೆ ಕಾಣುತ್ತದೆ. ನನ್ನ ಕೈಯಲ್ಲಿ ಗಿಡಕ್ಕೆ ನೀರು ಹಾಕುವ ಕೊಳವೆ. ನೀರನ್ನು ಮೇಲಿನಿಂದ ಸುರಿಯಬಾರದು. ಸುರಿದರೆ ಎಲ್ಲ ಕಡೆಯೂ ಒಮ್ಮೆಗೇ ಒದ್ದೆಯಾಗಿ ಕಳ್ಳನು ಗುಂಪಿನಲ್ಲಿ ತಪ್ಪಿಸಿಕೊಳ್ಳುತ್ತಾನೆ. ಕೆಳಗಿನಿಂದ ಆರಂಭಿಸಿ, ಒಂದೊಂದು ಸಂದಿಗೂ ಐದೈದು ನಿಮಿಷ ಮೆಲ್ಲನೆ ನೀರು ಬಿಟ್ಟು, ಒಳಗಿನವರು ‘ಇಲ್ಲ’ ಎಂದ ಮೇಲೆಯೇ ಒಂದು ಗೇಣು ಮೇಲಕ್ಕೆ ಹೋಗಬೇಕು. ಬಾಗಿಲ ಬುಡ: ಇಲ್ಲ. ಗಾಜಿನ ಅಂಚು: ಇಲ್ಲ. ಅಂಟು ಮೆತ್ತಿದ ಸಂದು: ಇಲ್ಲ. ಕೊನೆಗೆ ಮುಂಗಾಜಿನ ನೆತ್ತಿಗೆ, ಹುಡ್ಡಿನ ಮುಂದಿನ ಮರದ ಪಟ್ಟಿಗೆ ನೀರು ಬಿಟ್ಟೆ. ಮೂರು ನಿಮಿಷ ಕಳೆಯಿತು. ‘ಅಪ್ಪಾ, ಬಂತು!’ ಎಂದಳು. ‘ಆದರೆ ಅಲ್ಲಿ ಅಲ್ಲ, ಇಲ್ಲಿ!’

ನೀರು ಒಳಹೊಕ್ಕದ್ದು ಮುಂದಿನ ಎಡ ಮೂಲೆಯಲ್ಲಿ. ಜಾಡು ತೋರಿದ್ದು ಒಂದು ಮಾರು ಹಿಂದೆ, ಬಾಗಿಲ ಹಿಂಬದಿಯ ಕಂಬದಲ್ಲಿ. ಗಾಡಿಯ ಮೂತಿ ಮನೆಯ ಕಡೆಗಿತ್ತು. ನಮ್ಮ ಅಂಗಳವೋ ಮನೆಯ ಕಡೆಗೆ ಏರು. ಹೊಕ್ಕ ನೀರು ಹುಡ್ಡಿನ ಮಡಿಕೆಯೊಳಗಿನ ಕಬ್ಬಿಣದ ಪಟ್ಟಿಯನ್ನು ಹಿಡಿದು ಹಿಂದಕ್ಕೆ ಹರಿದು, ಹಿಂದಿನ ವರ್ಷ ಸಂದಿನಿಂದ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಆ ಸಂದಿಗೆ ಅಂಟು ಮೆತ್ತಿದ ಮೇಲೆ ಹೊರಬರಲು ದಾರಿಯಿಲ್ಲದೆ, ಕಂಬದ ಒಳಗೇ ಇಳಿದು, ಜಮಖಾನದ ಕೆಳಗಿನ ಸೆಣಬಿನ ಹಾಸನ್ನು ಸೇರಿ, ವಾರಗಟ್ಟಲೆ ಅಲ್ಲಿಯೇ ಬಿಡಾರ ಹೂಡಿತ್ತು. ಕಣ್ಣಿಗೆ ಬೀಳುತ್ತಿದ್ದ ಹನಿಯೇ ನಮ್ಮ ಹಿತೈಷಿಯಾಗಿತ್ತು. ಅದರ ಬಾಯಿ ಮುಚ್ಚಿಸಿದ್ದರಿಂದ ಮೊದಲೇ ವಯಸ್ಸಾದ ತಗಡು ಸದ್ದಿಲ್ಲದೆ ಕರಗತೊಡಗಿತ್ತು.

ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಮುಂದಿನ ರಬ್ಬರು ಪಟ್ಟಿಗೂ ಗಾಜಿನ ಚೌಕಟ್ಟಿಗೂ ನಡುವೆ ಒಂದು ಕಾಗದದ ಚೂರನ್ನಿಟ್ಟು, ಹುಡ್ಡಿನ ಕೊಂಡಿ ಬಿಗಿದು ಎಳೆದೆವು. ಬಲಗಡೆ ಕಾಗದವು ಹರಿಯಿತೇ ಹೊರತು ಬರಲಿಲ್ಲ. ಎಡ ಮೂಲೆಯಲ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂದುಬಿಟ್ಟಿತು.

ಜೆ.ಸಿ. ರಸ್ತೆಯ ಬಳಿಯ ಓಣಿಯೊಂದರಲ್ಲಿ, ಜೀಪುಗಳಿಗೆ ಹುಡ್ಡು ಹೊಲಿಯುತ್ತ ಮುದುಕರಾದ ಸಾಹೇಬರೊಬ್ಬರಿದ್ದಾರೆ. ಅವರು ಬಟ್ಟೆಯನ್ನು ಬೆರಳಿನಿಂದ ಉಜ್ಜಿ, ಮುಂದಿನ ಮರಕ್ಕೆ ಉಗುರಿನಿಂದ ಕುಟ್ಟಿ, ‘ಬಟ್ಟೆ ಚೆನ್ನಾಗಿದೆ ಸ್ವಾಮಿ, ಮರ ಸತ್ತಿದೆ’ ಎಂದರು. ಹೊಸ ಹುಡ್ಡೇ ಬೇಕೆಂದಿದ್ದರೆ ಅವರಿಗೆ ಹತ್ತು ಪಾಲು ಹೆಚ್ಚು ಹಣ ಬರುತ್ತಿತ್ತು. ಬಟ್ಟೆಯನ್ನು ಬಿಗಿದ ಮೊಳೆಗಳ ತೂತಿನಿಂದ ನೀರು ಕುಡಿದು ಕುಡಿದು ಮರದ ಮೂಲೆ ಸೊಟ್ಟಗೆ ಎದ್ದಿತ್ತು. ಅವರು ತೇಗದ ಹೊಸ ಪಟ್ಟಿ ಕೂಡಿಸಿ, ತುಕ್ಕು ಹಿಡಿಯದ ಹಿತ್ತಾಳೆಯ ಮೊಳೆ ಹೊಡೆದು, ರಬ್ಬರನ್ನು ಬದಲಾಯಿಸಿ, ಕೊಂಡಿಗಳ ಬಿಗಿತವನ್ನು ಎರಡೂ ಕಡೆ ಸಮ ಮಾಡಿದರು. ಸಡಿಲಾದ ಹೊಲಿಗೆಯನ್ನು ಹತ್ತಿಯ ಹೊದಿಕೆಯುಳ್ಳ ದಾರದಿಂದ ಮತ್ತೆ ಹಾಕಿ, ಮೇಲೆ ಜೇನುಮೇಣ ತೀಡಿದರು. ಹತ್ತಿಯು ನೆನೆದಾಗ ಉಬ್ಬಿ ಸೂಜಿಯ ತೂತನ್ನು ತಾನೇ ಮುಚ್ಚುತ್ತದೆ. ಸಿಲಿಕೋನನ್ನು ಕೆರೆದು ತೆಗೆಯುವುದಕ್ಕೆ ಅರ್ಧ ದಿನ ಹಿಡಿಯಿತು. ಅದು ಕುಳಿತ ಜಾಗದಲ್ಲಿ ಬೇರೆ ಯಾವ ಅಂಟೂ ಹಿಡಿಯುವುದಿಲ್ಲವೆಂದು ಸಾಹೇಬರು ಅದನ್ನು ಉರ್ದುವಿನಲ್ಲಿ ಸಾಕಷ್ಟು ಬೈದರು.

ನೆಲದ ಕೆಲಸ ಬೆಸುಗೆಯವನ ಪಾಲಿಗೆ. ಜಮಖಾನ ಎತ್ತಿ ಸ್ಕ್ರೂಡ್ರೈವರಿನಿಂದ ಒತ್ತಿದಾಗ ತಾಯಿಯವರ ಪಾದದ ಬಳಿ, ಹೊಸ್ತಿಲ ಅಂಚಿನಲ್ಲಿ, ತಗಡು ಹಪ್ಪಳದಂತೆ ಮುರಿಯಿತು. ಆ ಸದ್ದನ್ನು ಕೇಳಲೆಂದೇ ಅಣ್ಣನವರು ಪುಣೆಯಿಂದ ಬಂದಂತಾಯಿತು. ‘ಇದರ ಮೇಲೆ ಅಮ್ಮ ಕಾಲಿಟ್ಟುಕೊಂಡು ಕೂರುತ್ತಿದ್ದರೇ?’ ಎಂದವರು ಬಹಳ ಹೊತ್ತು ಮಾತಾಡಲಿಲ್ಲ. ಬೆಸುಗೆಯವನು ಬಲ್ಲವನಾಗಿದ್ದನು. ಹೊಸ್ತಿಲು ಕೊಯ್ಯುವುದಕ್ಕೆ ಮೊದಲು ಬಾಗಿಲಿನ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಸಲಾಕೆ ಬೆಸೆದು, ಗಾಡಿ ನಡುವೆ ಮಡಿಸಿಕೊಳ್ಳದಂತೆ ಕಟ್ಟಿಹಾಕಿದನು. ಹಳೆಯ ತಗಡು ತೆಗೆದು ಹೊಸದು ಕೂಡಿಸಿ, ಬಣ್ಣ ಬಳಿದು ಮುಗಿಸಲು ಮೂರು ವಾರ ಹಿಡಿಯಿತು. ವಿಹಾರಧಾಮದವರಿಗೆ ‘ಇಲ್ಲ’ ಎಂದು ಬರೆದವರು ಅಣ್ಣನವರೇ.

ದೀಪಾವಳಿಯ ಮಾರನೆಯ ದಿನ ತಾಯಿಯವರು ತಮ್ಮ ಸೀಟಿನಲ್ಲಿ ಕುಳಿತು ಬಾಗಿಲೆಳೆದುಕೊಂಡರು. ಎತ್ತದೆಯೇ ಅದು ಮುಚ್ಚಿತು. ಅವರೇನೂ ಹೇಳಲಿಲ್ಲ, ಮತ್ತೊಮ್ಮೆ ತೆರೆದು ಮತ್ತೊಮ್ಮೆ ಮುಚ್ಚಿದರು.

ಇಂಥ ಗಾಡಿಯ ಸಹವಾಸಕ್ಕೆ ಬಿದ್ದವರಿಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಒದ್ದೆಯಾದ ಹುಡ್ಡನ್ನು ಮಡಿಸಬೇಡಿ. ಬೂಷ್ಟು ಹಿಡಿಯುವುದು ಮಡಿಕೆಯಲ್ಲಿಯೇ. ಹೊಸ ಕಾಲದ ಗಾಡಿಯಾದರೆ ಹುಡ್ಡಿನ ಬುಡದಲ್ಲಿ ನೀರು ಹೋಗಲು ತೂತುಗಳಿರುತ್ತವೆ. ಎಲೆ, ಹೂವು ತುಂಬಿ ಅವು ಕಟ್ಟಿಕೊಂಡರೆ ಹುಡ್ಡು ಎಷ್ಟು ಗಟ್ಟಿಯಿದ್ದರೂ ನೆಲ ಕೆರೆಯಾಗುತ್ತದೆ. ರಭಸದ ನೀರಿನಿಂದ ಹುಡ್ಡು ತೊಳೆಯಬೇಡಿ; ಮೆತ್ತನೆಯ ಬ್ರಷ್ಷು, ಸೌಮ್ಯ ಸೋಪು ಸಾಕು. ಮತ್ತು ಪ್ರತಿ ದೊಡ್ಡ ಮಳೆಯ ಮರುದಿನ, ಹನಿ ಕಂಡಿರಲಿ ಕಾಣದಿರಲಿ, ಜಮಖಾನ ಎತ್ತಿ ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿ. ನಮ್ಮ ಮನೆಯಲ್ಲಿ ಈ ಕೆಲಸ ಈಗ ಮಗಳದು.